ಎಡಕ್ಕೆ ಸರಿದವಳು

ರೋಣ
೧೨ ಫೆಬ್ರುವರಿ ೨೦೦೬

ಪ್ರೀತಿಯ ಯಶೋಧರಕ್ಕನಿಗೆ ಫರ್ಜಾನಾಳ ಸಲಾಮು.

ನಿನ್ನ ಪತ್ರ ಬಂದು ವಾರವಾಯಿತು. ಈ ಸಲದ ರಾಷ್ಟ್ರೀಯ ಸೈಕಲ್ ಸ್ಪರ್ಧೆಗೆ ನಾನು ಬರಲೇಬೇಕು, ನಾನಿಲ್ಲದೆ ನಿನಗೆ ಪದಕ ಬರುವುದಿಲ್ಲ, ಪದಕವಿಲ್ಲದೆ ನೌಕರಿಯಲ್ಲಿ ಬಡ್ತಿ ಸಿಗುವುದಿಲ್ಲ ಎಂದು ಬರೆದಿದ್ದೀ. ಟಿಕೆಟ್ ತೆಗೆಸಲೇ ಎಂದೂ ಕೇಳಿದ್ದೀ. ಉತ್ತರ ಬರೆಯಲು ಕೂತಾಗಲೆಲ್ಲ ನಿದ್ದೆ ಬರುತ್ತಿತ್ತು. ಊರಿಗೆ ಬಂದಾಗಿನಿಂದ ನನಗೆ ಬರೀ ನಿದ್ದೆ. ಅಮ್ಮ ಯಾರದೋ ಕೆಟ್ಟ ಕಣ್ಣು ಬಿದ್ದು ನೆದರಾಗಿದೆ ಎನ್ನುತ್ತಾಳೆ. ದಣಿವು ಎಂದರೆ ಅವಳು ನಂಬುವುದಿಲ್ಲ.

ಒಂದು ಸುದ್ದಿ ಹೇಳುತ್ತೇನೆ, ನಗಬೇಡ. ಹೋದ ಭಾನುವಾರ ನರೇಗಲ್ಲಿನ ಯುವಕ ಸಂಘದವರು ಹೆಣ್ಣುಮಕ್ಕಳ ಸೈಕಲ್ ಸ್ಪರ್ಧೆ ಇಟ್ಟಿದ್ದರು. ಡಾಂಬರಿಲ್ಲ, ಎರೆಹೊಲಗಳ ನಡುವಿನ ಗರಸಿನ ದಾರಿ. ಮೈಯೆಲ್ಲ ಕುಲುಕಾಟ, ಬಾಯ್ತುಂಬ ಧೂಳು. ನಾನು ಹೆಸರು ಕೊಟ್ಟದ್ದು ಅಬ್ಬಾನ ಸಲುವಾಗಿ. ಗಾದಿ ಹೊಲಿಯುವ ಕೆಲಸ ಬಿಟ್ಟು ಅವರು ಯಾವತ್ತೂ ನನ್ನ ಸ್ಪರ್ಧೆ ನೋಡಲು ಬಂದವರಲ್ಲ. ಅವರ ಕಣ್ಣೆದುರು ಒಮ್ಮೆಯಾದರೂ ಮೊದಲು ಬರಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ನಿನಗೂ ಹೇಳಿರಲಿಲ್ಲ.

ಅರ್ಧ ದಾರಿಯಲ್ಲೇ ಉಳಿದವರನ್ನೆಲ್ಲ ಹಿಂದೆ ಹಾಕಿದೆ. ರಾಜೂರಿನ ಹುಡುಗಿಯೊಬ್ಬಳು ಮಾತ್ರ ತುಸು ದೂರದಲ್ಲಿ ಬರುತ್ತಿದ್ದಳು. ಕೊನೆಯ ತಿರುವು ದಾಟಿದೆ, ಗೆರೆ ಕಂಡಿತು, ಗೆರೆಯಾಚೆ ಅಬ್ಬಾನ ಬಿಳಿ ಟೊಪ್ಪಿಗೆಯೂ ಕಂಡಿತು. ಆಗ ನಾನೇನು ಮಾಡಿದೆ ಗೊತ್ತೇ? ಎಡಕ್ಕೆ ಸರಿದೆ. ತುಳಿಯುವುದು ನಿಲ್ಲಿಸಿ ಹಿಂದೆ ನೋಡಿದೆ. ಎಂಟು ವರ್ಷ ಮಾಡಿದ್ದೇ ಅದಲ್ಲವೇ ಅಕ್ಕಾ? ಎದುರುಗಾಳಿಯನ್ನೆಲ್ಲ ನಾನು ತಿನ್ನುವುದು, ನೀನು ನನ್ನ ಹಿಂದಿನ ಗಾಲಿಗೆ ಅಂಟಿಕೊಂಡು ಕಾಲಿನ ಕಸುವು ಉಳಿಸಿಕೊಳ್ಳುವುದು. ಗೆರೆ ಹತ್ತಿರವಾದಾಗ ನಾನು ಎಡಕ್ಕೆ ಸರಿದರೆ ನೀನು ಮುಂದೆ ನುಗ್ಗುತ್ತಿದ್ದೆ. ಅವತ್ತು ಹಿಂದೆ ನೀನಿರಲಿಲ್ಲ. ನಾನು ಮತ್ತೆ ತುಳಿಯುವಷ್ಟರಲ್ಲಿ ರಾಜೂರಿನ ಹುಡುಗಿ ಆ ಖಾಲಿ ಜಾಗದಲ್ಲಿ ನುಗ್ಗಿ ಗೆದ್ದುಬಿಟ್ಟಳು.

ಜನ ನಕ್ಕರು. ನಾನೂ ನಕ್ಕೆ, ಆಮೇಲೆ ಬೇವಿನ ಗಿಡದ ಹಿಂದೆ ಹೋಗಿ ಅತ್ತೆ. ವಾಪಸು ಬರುವಾಗ ಅಬ್ಬಾ ಬಸ್ಸಿನ ಮೇಲೆ ಕಟ್ಟಿದ ಸೈಕಲ್ ಬಿದ್ದೀತೆಂದು ರೋಣದವರೆಗೂ ಕಿಟಕಿಯಿಂದ ಇಣುಕುತ್ತಲೇ ಇದ್ದರು.

ನಿನ್ನ ಮೇಲೆ ಸಿಟ್ಟಿಲ್ಲ. ನೀನು ಗೆದ್ದಾಗಲೆಲ್ಲ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಸಾಕಾಗಿದೆ, ಅಷ್ಟೇ. ಮಲಗಿ ಎದ್ದರೂ ಹೋಗದಂಥ ಸುಸ್ತು. ಆದರೂ ನಿನಗೆ ಇಲ್ಲವೆನ್ನುವುದು ನನ್ನಿಂದ ಆಗುವುದಿಲ್ಲ. ಇದೊಂದು ಸಲ ಬರುತ್ತೇನೆ. ಟಿಕೆಟ್ ತೆಗೆಸು.

ನಿನ್ನ,
ಫರ್ಜಾನಾ

ತಾ.ಕ.: ಅಬ್ಬಾನಿಗೆ ಓದಲು ಬಾರದು. ಏನು ಬರೆದೆ ಎಂದು ಕೇಳಿದರು, ಎಲ್ಲ ಓದಿ ಹೇಳಿದೆ. ಹತ್ತಿ ಹಿಂಜುತ್ತಿದ್ದವರು ಕೈ ನಿಲ್ಲಿಸಿ, “ಎಂಟ ವರ್ಷದಾಗ ಅಕಿ ಒಂದ ಸಲನಾದ್ರೂ ನಿನಗ ದಾರಿ ಬಿಟ್ಟಾಳೇನ ಬೇಟಿ?” ಎಂದರು. ಒಂದೊಂದೇ ಸ್ಪರ್ಧೆ ನೆನಪು ಮಾಡಿಕೊಂಡು ಎಣಿಸಿದೆ, ಅಂಥದ್ದು ಒಂದೂ ಸಿಗಲಿಲ್ಲ. ಬರುವ ತಿಂಗಳು ಗಜೇಂದ್ರಗಡದಲ್ಲಿ ಸ್ಪರ್ಧೆಯಿದೆಯಂತೆ, ಅಲ್ಲಿಗೆ ಹೆಸರು ಕೊಡುತ್ತೇನೆ. ಟಿಕೆಟ್ ತೆಗೆಸಬೇಡ ಅಕ್ಕಾ.