ನೀವು ಎಸೆದ ಬೀಗದ ಕೈ

ನಮ್ಮ ಮನೆಯಿಂದ,
ಸೋಮವಾರ ಬೆಳಗ್ಗೆ

ಊರೆಲ್ಲ ಮರುಗಿದ ನನ್ನ ಯಜಮಾನರಿಗೆ,

ನೀವು ಹೋರ್ಡಿಂಗ್ ಹತ್ತಿ ನಿಂತದ್ದಕ್ಕೆ ನನಗಾದ ಖರ್ಚನ್ನು ಮೊದಲು ಹೇಳಿಬಿಡುತ್ತೇನೆ. ಬಾಡಿಗೆ ಕೋಣೆ ಹೋಯಿತು. ಸೋಫಾ ರಿಪೇರಿಗೆ ಕೊಟ್ಟಿದ್ದ ಗಿರಾಕಿಗಳು ಅರ್ಧ ಬಿಚ್ಚಿದ ಸೋಫಾಗಳನ್ನೇ ಹೊತ್ತುಕೊಂಡು ಹೋದರು. ಸ್ಪಂಜು ತಂದುಕೊಡುವ ಮುದುಕ ಟಿ.ವಿ.ಯಲ್ಲಿ ನನ್ನ ‘ರಹಸ್ಯ ಗೆಳೆಯ’ನಾಗಿ, ಪಾಪ, ಮೊಮ್ಮಕ್ಕಳ ಮುಂದೆ ತಲೆ ಎತ್ತದಂತಾದ. ಅಮ್ಮನ ವಿಷಯ ಬೇರೆ ಬರೆಯುತ್ತೇನೆ. ಅದನ್ನು ಇವುಗಳ ಜೊತೆ ಕೂಡಿಸಲು ಬರುವುದಿಲ್ಲ.

ನೀವು ಕ್ಯಾಮೆರಾ ಮುಂದೆ ಹೇಳಿದ ಕಥೆ ಚೆನ್ನಾಗಿತ್ತು. ಹೆಂಡತಿ ಬಿಟ್ಟುಹೋದಳಂತೆ, ನೀವು ಎರಡು ವರ್ಷ ಬಾಗಿಲು ನೋಡುತ್ತಾ ಕೂತಿದ್ದಿರಂತೆ. ನಾನು ಗರ್ಭಕೋಶ ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಬಾಗಿಲ ಬೀಗ ಬದಲಾಯಿಸಿದವರು ಯಾರು? ಹೊಲಿಗೆ ಬಿಚ್ಚಿಸಿಕೊಂಡು ಬಂದು ಬಾಗಿಲು ತಟ್ಟಿದರೆ, ಕಿಟಕಿಯಲ್ಲಿ ನಿಂತು, ‘ಇನ್ನು ನಿನ್ನಿಂದ ಏನಾಗಬೇಕು ನನಗೆ? ನಿಮ್ಮಮ್ಮನ ಮನೆಗೆ ಹೋಗು’ ಅಂದವರು ಯಾರು? ಮನೆ ಇಬ್ಬರ ಹೆಸರಿನಲ್ಲಿದೆ, ಗೋಡೆ ಎದ್ದದ್ದು ನನ್ನ ಸೂಜಿಯಿಂದ. ಪೊಲೀಸರ ಹತ್ತಿರ ಹೋದರೆ, ಗಂಡ ಹೆಂಡಿರ ಜಗಳ, ತಾನೇ ಸರಿಹೋಗುತ್ತೆ ಅಂತ ನಕ್ಕು ಕಳಿಸಿದರು. ನನಗೊಬ್ಬ ಸಾಕ್ಷಿ ಇರಲಿಲ್ಲ. ಆ ಸಾಕ್ಷಿಯನ್ನು ಮುಂದೊಂದು ದಿನ ನೀವೇ, ಮೈಕು ಕ್ಯಾಮೆರಾ ಸಮೇತ, ನನ್ನ ಬಾಗಿಲಿಗೆ ಕಳಿಸುತ್ತೀರೆಂದು ಆಗ ನನಗೇನು ಗೊತ್ತು!

ಹೋರ್ಡಿಂಗಿಗೆ ಫ್ಲೆಕ್ಸ್ ಕಟ್ಟಿ ಜೀವನ ಮಾಡುವವರು ನೀವು, ಅವತ್ತು ನೀವೇ ಫ್ಲೆಕ್ಸಾದಿರಿ. ಹೆಂಡತಿ ಬರದಿದ್ದರೆ ಹಾರುತ್ತೇನೆ ಎಂದಿರಿ. ಬಸ್ಸುಗಳು ನಿಂತವು, ರಸ್ತೆ ತುಂಬಿತು. ‘ಇದೋ ಮನೆ ಕೀ! ನನ್ನ ಮನೆ ಬಾಗಿಲು ಅವಳಿಗೆ ಯಾವತ್ತೂ ತೆಗೆದೇ ಇದೆ!’ ಎಂದು ಕೂಗಿ ಬೀಗದ ಕೈಯನ್ನು ಜನರ ನಡುವೆ ಎಸೆದಿರಿ. ಚಪ್ಪಾಳೆಯೋ ಚಪ್ಪಾಳೆ. ಅದನ್ನು ನಿಮಗೆ ಯಾರೂ ಹೇಳಿಕೊಟ್ಟಿರಲಾರರು, ಅಷ್ಟು ದಡ್ಡತನ ಹೇಳಿಕೊಡಲು ಬರುವುದಿಲ್ಲ.

ಆಮೇಲೆ ನನ್ನ ಕೋಣೆ ಮುಂದೆ ಜಾತ್ರೆ. ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಒಳಬಟ್ಟೆಯನ್ನೂ ಬಿಡದೆ ತೋರಿಸಿದರು. ಮನೆ ಒಡತಿ ಮುಖಕ್ಕೆ ಪೌಡರ್ ಹಚ್ಚಿಕೊಂಡು ಬಂದು ನನ್ನ ನಡತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ, ಒಳಗೆ ಬಂದು, ‘ನಮಗೆ ಈ ಕ್ಯಾಮೆರಾ ಗಿಮೆರಾ ಎಲ್ಲ ಆಗಿಬರಲ್ಲಮ್ಮ, ಖಾಲಿ ಮಾಡು’ ಎಂದಳು.

ಅದನ್ನೂ ನುಂಗಿಕೊಂಡಿದ್ದೆ. ಮೂರನೆಯ ದಿನ ನೀವು ಸ್ಟುಡಿಯೋದಲ್ಲಿ ಕೂತು, ಕಣ್ಣೊರೆಸಿಕೊಂಡು, ನನ್ನ ಆಪರೇಷನ್ನಿನ ವಿಷಯ ಎತ್ತಿದಿರಿ. ಮಗು ಆಗಲ್ಲ ಅನ್ನೋ ಕೊರಗಿಗೇ ಓಡಿಹೋದಳು ಎಂದಿರಿ. ಅಮ್ಮನಿಗೆ ನಾನು ಅದನ್ನು ಹೇಳಿರಲಿಲ್ಲ. ಹೃದಯದ ಕಾಯಿಲೆಯವಳು, ಸಮಯ ನೋಡಿ ಹೇಳೋಣ ಎಂದುಕೊಂಡಿದ್ದೆ. ಅವಳು ಪಕ್ಕದ ಮನೆಯ ಟಿ.ವಿ. ಮುಂದೆ, ಹತ್ತು ಜನ ಹೆಂಗಸರ ನಡುವೆ ಕೂತು ಕೇಳಿದಳು. ‘ನನಗೊಂದು ಮಾತು ಹೇಳಬಾರದಿತ್ತೇನೇ? ಪಕ್ಕದಲ್ಲಿ ಕೂತ್ಕೊಳ್ಳೋಕಾದ್ರೂ ಬರ್ತಿದ್ದೆನಲ್ಲೇ’ ಎಂದು ಫೋನ್ ಇಟ್ಟಳು. ಅಲ್ಲಿಯತನಕ ನನಗೆ ಬರೀ ಸಿಟ್ಟಿತ್ತು. ಆಮೇಲೆ ತಲೆ ತಣ್ಣಗಾಯಿತು.

ಮುಖ ತೊಳೆದು, ತಲೆ ಬಾಚಿಕೊಂಡು ಬಾಗಿಲು ತೆಗೆದೆ. ಮೈಕು ಹಿಡಿದು ನಿಂತಿದ್ದ ವರದಿಗಾರ್ತಿ ಹುಡುಗಿಯನ್ನು, ನಮ್ಮ ಯಜಮಾನರು ಎಸೆದ ಬೀಗದ ಕೈ ಎಲ್ಲಮ್ಮ ಎಂದು ಕೇಳಿದೆ. ಅವತ್ತು ಜನರ ನಡುವೆ ಎತ್ತಿಕೊಂಡದ್ದು ಅವಳ ಚೀಲದಲ್ಲೇ ಇತ್ತು. ‘ಅಕ್ಕಾ, ನಿಜವಾಗ್ಲೂ ಹೋಗ್ತೀರಾ? ಲೈವ್ ತಗೊಳ್ಳಲಾ?’ ಎಂದಳು. ತಗೋ ತಾಯಿ, ಒಂದು ನಿಮಿಷವೂ ಬಿಡಬೇಡ ಎಂದೆ.

ಅಷ್ಟರಲ್ಲಿ ಟಿ.ವಿ.ಯಿಂದ ಹೆಸರಾಗಿದ್ದ ನೀವು ಪರವೂರಿನಲ್ಲಿ ಹಾಸಿಗೆ ಕಂಪನಿಯವರ ಜಾಹೀರಾತಿಗೆ ‘ಅರ್ಧ ಹಾಸಿಗೆ ಖಾಲಿ’ ಎಂದು ಅಳುಮುಖ ಮಾಡಿಕೊಂಡು ಮಲಗಿದ್ದಿರಿ. ಇಲ್ಲಿ ಬೀಗ ಒಂದೇ ತಿರುವಿಗೆ ತೆರೆಯಿತು. ನಾನು ಕಟ್ಟಿದ ಸೋಫಾಕ್ಕೆ ಹಳೇ ಫ್ಲೆಕ್ಸ್ ಹೊದಿಸಿದ್ದಿರಿ, ಅದನ್ನು ಎಳೆದು ಕೂತೆ. ಆಗ ನೀವು ಲೈವ್ ನೋಡಿ ಹುಡುಗಿಗೆ ಫೋನ್ ಮಾಡಿದಿರಿ. ಅವಳು ಜಾಣೆ, ಸ್ಪೀಕರಿಗೆ ಹಾಕಿದಳು. ‘ಅವಳನ್ನ ಒಳಗೆ ಬಿಟ್ಟವರು ಯಾರ್ರೀ? ಮೊದಲು ಹೊರಗೆ ಹಾಕ್ರಿ!’ ನಿಮಗಾಗಿ ಅತ್ತವರೆಲ್ಲ ಕೇಳಿದರು.

ಮಾರನೆಯ ದಿನ ಹಾಸಿಗೆ ಕಂಪನಿಯ ಮ್ಯಾನೇಜರು ಫೋನ್ ಮಾಡಿ, ‘ಇನ್ನೊಂದು ತಿಂಗಳು ತಡೆದು ಮನೆಗೆ ಹೋಗಬಾರದಿತ್ತಾ ಮೇಡಂ?’ ಎಂದು ಗೋಗರೆದರು. ಖಾಲಿ ಅರ್ಧ ತುಂಬಿದೆ, ಸಂತೋಷಪಡಿ ಸ್ವಾಮಿ ಎಂದೆ. ನಿಮ್ಮ ಕರಾರು ಹರಿದರಂತೆ.

ನೀವು ಬರಬಹುದು. ಬಾಗಿಲ ಮುಂದೆ ಕ್ಯಾಮೆರಾ ಇನ್ನೂ ಇದೆ, ನಗುತ್ತಾ ಬನ್ನಿ. ಬಾಗಿಲು ತಟ್ಟಿ. ನಾನು ಕಿಟಕಿಯಲ್ಲಿ ನಿಂತು ಮಾತಾಡುತ್ತೇನೆ.

ಇಂತಿ,
ಲೋಕದ ಮುಂದೆ ನೀವೇ ಕೂಗಿ ಕರೆದ
ನಿಮ್ಮ ಹೆಂಡತಿ

ವಿ.ಸೂ.: ಹೋರ್ಡಿಂಗ್ ಮೇಲೆ ಗಾಳಿಗೆ ನಿಮ್ಮ ಅಂಗಿ ಎದ್ದಾಗ ಟಿ.ವಿ.ಯಲ್ಲಿ ಸೊಂಟದ ಪಟ್ಟಿ ಕಂಡಿತು. ಮದುವೆಯಾದ ಹೊಸದರಲ್ಲಿ, ನೀವು ಎಲ್ಲಿ ಬೀಳುತ್ತೀರೋ ಎಂಬ ಭಯಕ್ಕೆ, ಸೋಫಾಕ್ಕೆ ಹಾಕುವ ಗಟ್ಟಿ ಪಟ್ಟಿಯಲ್ಲಿ ನಾನೇ ಹೊಲಿದುಕೊಟ್ಟದ್ದು. ಅದರ ಕೊಕ್ಕೆಯನ್ನು ಹಿಂದಿನ ಕಂಬಿಗೆ ಸಿಕ್ಕಿಸಿಕೊಂಡಿದ್ದಿರಿ. ಊರೆಲ್ಲ ಉಸಿರು ಬಿಗಿಹಿಡಿದು ನಿಂತಾಗ ನೀವು ಬೀಳುವುದಿಲ್ಲವೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಇದುವರೆಗೆ ಯಾರಿಗೂ ಹೇಳಿಲ್ಲ. ಹುಡುಗಿ ಇವತ್ತು ಸಂಜೆ ಬರುತ್ತಾಳೆ, ಹೇಳುತ್ತೇನೆ.

ಯಾರಿಗೆ ಏನು ಸಿಕ್ಕಿತು ಎಂದರೆ: ಹುಡುಗಿಗೆ ಬಡ್ತಿ. ಹಾಸಿಗೆಯವರಿಗೆ ಪುಕ್ಕಟೆ ಪ್ರಚಾರ. ನನಗೆ ಮನೆ. ನಿಮಗೆ ಈ ಲಕೋಟೆಯಲ್ಲಿರುವ ಬೀಗದ ಕೈ. ಬೀಗವನ್ನು ನಿನ್ನೆ ಬದಲಾಯಿಸಿದೆ. ಅಮ್ಮನಿಗೆ ಏನೂ ಸಿಗಲಿಲ್ಲ. ಇನ್ನೂ ಫೋನ್ ಎತ್ತಿಲ್ಲ.