ಬ್ಯಾಂಕಾಕಿನಿಂದ ದುಬೈಗೆ ಒಂಬತ್ತು ಮುಕ್ಕಾಲು ಸೆಂಟಿಮೀಟರ್

ಪೈವಳಿಕೆ
ಭಾನುವಾರ, 9-11-2025

ಪ್ರೀತಿಯ ಪ್ರವೀಣಣ್ಣ,

ಏಜೆಂಟ್ ಪ್ರೇಮನಾಥ ನಿನಗೆ ಸುಳ್ಳು ಹೇಳಿದ್ದಾನೆ. ಅವನು ನಿನ್ನನ್ನು ಕಳಿಸುತ್ತಿರುವುದು ದುಬೈಗೆ ಅಲ್ಲ.

ಮೊನ್ನೆ ಮನೆಗೆ ಬಂದು ಅವನು ತೋರಿಸಿದ, ಬರುವ ಗುರುವಾರದ ನಿನ್ನ ಟಿಕೆಟ್ ಕೊಚ್ಚಿಯಿಂದ ಬ್ಯಾಂಕಾಕಿಗೆ ಮಾತ್ರ ಇತ್ತು. ಕೇಳಿದ್ದಕ್ಕೆ ನಕ್ಕು, ಅಲ್ಲಿ ವಿಮಾನ ಬದಲಿಸಿದರೆ ದುಬೈ ಒಂದೇ ಗಂಟೆ ಮಾರಾಯ್ತಿ, ನಿನಗೆಂತ ಗೊತ್ತುಂಟು, ಎಂದ. ಮನೆಯವರೆಲ್ಲ ತಲೆಯಾಡಿಸಿದರು. ನಮ್ಮವರ ಲೆಕ್ಕದಲ್ಲಿ ವಿಮಾನ ಹತ್ತಿದವನು ಇಳಿಯುವುದು ಗಲ್ಫಿನಲ್ಲೇ. ನಡುವೆ ಯಾವ ಊರು ಬಂದರೂ ಅದು ಬಸ್ ಸ್ಟಾಪು.

ನಿನ್ನೆ ಗ್ರಂಥಾಲಯದ ಗ್ಲೋಬಿನ ಮೇಲೆ ನೂಲು ಹಿಡಿದೆ. ಭೂಮಧ್ಯರೇಖೆಯ ಸುತ್ತ ಎಂಬತ್ತು ಸೆಂಟಿಮೀಟರ್, ಅಂದರೆ ನಲವತ್ತು ಸಾವಿರ ಕಿಲೋಮೀಟರ್. ಬ್ಯಾಂಕಾಕಿನಿಂದ ದುಬೈಗೆ ಒಂಬತ್ತು ಮುಕ್ಕಾಲು ಸೆಂಟಿಮೀಟರ್ ಬಂತು. ನಾಲ್ಕು ಸಾವಿರದ ಒಂಬೈನೂರು ಕಿಲೋಮೀಟರಿನ ಹತ್ತಿರ, ಆರು ಗಂಟೆಗೂ ಹೆಚ್ಚಿನ ದಾರಿ. ಮಂಗಳೂರಿನಿಂದ ನೇರ ಹೋದರೆ ಐದು ಸೆಂಟಿಮೀಟರ್ ಸಾಕು. ಪಶ್ಚಿಮಕ್ಕೆ ಹೋಗಬೇಕಾದವನನ್ನು ಯಾರಾದರೂ ಪೂರ್ವಕ್ಕೆ ಹಾರಿಸುತ್ತಾರೆಯೇ? ಗ್ರಂಥಾಲಯ ನೋಡಿಕೊಳ್ಳುವ ಈಶ್ವರಪ್ರಸಾದ ಮಾಸ್ಟ್ರು ಫೋನಿನಲ್ಲಿ ಇನ್ನೊಮ್ಮೆ ಲೆಕ್ಕ ಹಾಕಿದರು. ಅಷ್ಟೇ ಬಂತು. ಅಮ್ಮನಿಗೆ ಹೇಳಿದರೆ, ನೂಲಿನಲ್ಲಿ ವಿಮಾನ ಅಳೆಯುವವಳನ್ನು ಯಾರು ಮದುವೆಯಾಗುವುದು ಎಂದು ಬೈದರು.

ಆಮೇಲೆ ಅವನು ಹೇಳಿದ ಒಂದು ಗಂಟೆಯಷ್ಟೇ ನೂಲು ಹಿಡಿದೆ. ಒಂದೂವರೆ ಸೆಂಟಿಮೀಟರ್. ಅದನ್ನು ಬ್ಯಾಂಕಾಕಿನ ಸುತ್ತ ತಿರುಗಿಸಿದೆ. ಆ ವೃತ್ತದೊಳಗೆ ಇರುವುದು ನದಿ, ಕಾಡು, ಬೇರೆ ಬೇರೆ ದೇಶಗಳ ಗಡಿ. ಕಾರ್ಮಿಕ ಸಂಘದ ಕರಪತ್ರದಲ್ಲಿ ಓದಿದ್ದು ಅಂಥ ಗಡಿಗಳ ಕತೆಯೇ: ಹುಡುಗರನ್ನು ಬೇಲಿಯೊಳಗೆ ಕೂಡಿಹಾಕಿ ಫೋನಿನಲ್ಲಿ ಜನರನ್ನು ವಂಚಿಸುವ ಕೆಲಸ ಕೊಡುತ್ತಾರೆ. ಒಲ್ಲೆ ಎಂದವರಿಗೆ ಹೊಡೆತ.

ತರಬೇತಿ ಎಂದು ನಿಮ್ಮನ್ನೆಲ್ಲ, ಹೋಗಲಿರುವ ಹುಡುಗರನ್ನು, ಬೋವಿಕಾನದ ಆ ಮನೆಯಲ್ಲಿ ಇರಿಸಿ, ಮೊದಲ ದಿನವೇ ನಿಮ್ಮ ಫೋನು ತೆಗೆದಿಟ್ಟರಲ್ಲ, ಬೇಲಿ ಅಲ್ಲಿಂದಲೇ ಶುರುವಾಗಿದೆ. ನಾನು ಬಂದು ಗಲಾಟೆ ಮಾಡಿದರೆ ಅವತ್ತೇ ನಿಮ್ಮನ್ನು ಕಾರು ಹತ್ತಿಸಿಯಾರು. ಅದಕ್ಕೇ ಅಲ್ಲಿ ಅಡುಗೆ ಮಾಡುವ ದಮಯಂತಿಯಕ್ಕನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ಪಾಸ್‌ಪೋರ್ಟ್ ಕೇಳಬೇಡ, ಸಂಶಯ ಬರುತ್ತದೆ. ಹಲ್ಲುನೋವು ಎಂದು ಹೇಳಿ ಹೊರಗೆ ಬಾ.

ಅನ್ಯಾಯಕ್ಕೆ ಹೆದರಬಾರದು ಎಂದು ನಿನ್ನೆದುರು ಎಷ್ಟು ಭಾಷಣ ಬಿಗಿದಿದ್ದೇನೆ. ಈಗ ಹೆದರಿ ಈ ಕಾಗದವನ್ನೇ ಮೂರು ಸಲ ಹರಿದು ಬರೆದಿದ್ದೇನೆ ಅಣ್ಣ.

ನಿನ್ನ ತಂಗಿ,
ನಮಿತಾ

ಮೇಲೆ ಬರೆಯಲು ಧೈರ್ಯ ಸಾಲದ ಒಂದು ಮಾತು: ನಿನ್ನ ಅರ್ಜಿ ತುಂಬಿದ್ದು ನಾನಲ್ಲವೇ? ಕೊನೆಯ ಪುಟದಲ್ಲಿ, ಯಾವ ದೇಶಕ್ಕೆ ಕಳಿಸಿದರೂ ಒಪ್ಪಿಗೆ ಎಂಬ ಸಾಲಿತ್ತು. ಬೀದಿಯಲ್ಲಿ ಸಿಕ್ಕ ಕಾಗದವನ್ನೂ ಓದುವ ನಾನು ಅದನ್ನು ಓದದೆ ಟಿಕ್ ಹಾಕಿದೆ. ಅದರ ಪ್ರತಿಯನ್ನೇ ಕಲೆಕ್ಟರಿಗೆ ಕೊಡುವ ದೂರಿನೊಂದಿಗೆ ಲಗತ್ತಿಸುತ್ತೇನೆ, ನನ್ನ ತಪ್ಪನ್ನೂ ಬರೆಯುತ್ತೇನೆ. ನೀನು ಪಕ್ಕದಲ್ಲಿದ್ದರೆ ಮಾತ್ರ ಅವರು ನಂಬಿಯಾರು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ, ವಿದ್ಯಾನಗರದ ಕಲೆಕ್ಟರೇಟಿನ ಗೇಟಿನೆದುರು ಕಾಯುತ್ತೇನೆ.