ಮೇಲಿಂದ ಕೆಳಕ್ಕೆ ಸುತ್ತಿದ ಟೇಪು

ಜುಲೈ 14, ಸೋಮವಾರ. ಮೂಡಿಗೆರೆ.

 

ಬಣಕಲ್ ಮೊಬೈಲ್ ಟವರಿನ ಜಿಪಿಎಸ್ ರಿಸೀವರ್‌ಗೆ ಮೂರು ದಿನದಿಂದ ಒಂದು ಉಪಗ್ರಹವೂ ಸಿಗುತ್ತಿರಲಿಲ್ಲ. ಅದು ಸಿಗದಿದ್ದರೆ ಟವರಿನ ಗಡಿಯಾರ ತಪ್ಪುತ್ತದೆ, ಗಡಿಯಾರ ತಪ್ಪಿದರೆ ಸಿಗ್ನಲ್ಲೇ ಹೋಗುತ್ತದೆ. ರಿಸೀವರ್ ಕೆಟ್ಟಿದೆ ಎಂದು ಇಂಜಿನಿಯರಿಗೆ ಹೇಳಿ ಹೊಸದು ತರಿಸಿ ಹಾಕಿದೆ. ಅದೂ ಹಾಗೇ. ಇವತ್ತು, ನೀರು ಹೋಗದಂತೆ ಸುತ್ತಿದ್ದ ಟೇಪು ತೆಗೆದು ಆಂಟೆನಾದ ಕೇಬಲ್ ಬಿಚ್ಚಿದರೆ ಕನೆಕ್ಟರಿನಿಂದ ನೀರು ತೊಟ್ಟಿಕ್ಕಿತು.

ಟವರ್ ಕಾಯುವ ಇದಿನಬ್ಬ ಮೊದಲು ಮನೆಗಳಿಗೆ ಹೆಂಚು ಹೊದಿಸುತ್ತಿದ್ದವರು. ಬಿಚ್ಚಿದ ಟೇಪು ನೋಡಿ ನಕ್ಕುಬಿಟ್ಟರು. "ಹೆಂಚು ಕೆಳಗಿಂದ ಮೇಲಕ್ಕಲ್ವಾ ಹೊದಿಸೋದು ಮಾರಾಯ? ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಕೂತ್ರೆ ನೀರು ಜಾರಿ ಹೋಗತ್ತೆ. ಇದ್ಯಾರೋ ಮೇಲಿಂದ ಕೆಳಕ್ಕೆ ಸುತ್ತಿದಾರೆ. ನೀರು ಸೀದಾ ಒಳಗೇ ಹೋಗತ್ತೆ."

ಯಾರೋ ಅಲ್ಲ, ನಾನೇ. ಆ ಟೇಪನ್ನು ಮುದುರಿ ಜೇಬಿಗೆ ಹಾಕಿಕೊಂಡೆ.

ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಆರು ಟವರುಗಳಿಗೆ ಹೀಗೇ ಸುತ್ತಿದ್ದೇನೆ. ಕೊನೆಯದು ಕಳಸದ ಆಚೆ, ಅಕ್ಕನ ಮನೆಯಿರುವ ಗುಡ್ಡದ್ದು. ಅಲ್ಲಿಗೆ ಅದೊಂದೇ ಟವರು. ಭಾವನಿಗೆ ಮೊನ್ನೆಯಷ್ಟೇ ಎದೆನೋವು ಬಂದು ಹೋಗಿದೆ. ಜೀಪು ಕರೆಸಬೇಕೆಂದರೂ ಫೋನೇ ಬೇಕು.

ಇಂಜಿನಿಯರಿಗೆ ಹೇಳಿದರೆ ಕೆಲಸ ಹೋದೀತೆಂದು ಸಂಜೆಯಿಂದ ಸುಮ್ಮನಿದ್ದೇನೆ. ಥೂ.

ಮಳೆ ಹಿಡಿದದ್ದು ಬಿಡುತ್ತಿಲ್ಲ. ಎಂಟಕ್ಕೆ ಅಕ್ಕನಿಗೆ ಫೋನ್ ಮಾಡಿದೆ. "ಊಟ ಆಯ್ತೇನೋ?" ಎಂದಳು. ಒಂಬತ್ತಕ್ಕೆ ಮತ್ತೆ ಮಾಡಿದೆ. "ಏನಾಗಿದೆ ನಿಂಗೆ, ಮಲಗೋ" ಎಂದು ಬೈದಳು.

ಈಗ ಹತ್ತೂವರೆ. ರಿಂಗೇ ಆಗುತ್ತಿಲ್ಲ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತಿದೆ.

ಅಕ್ಕ ಎಲ್ಲಿಗೂ ಹೋಗಿಲ್ಲ.